ಗೈಡಣ್ಣನನ್ನು ಕೇಳಿ: ಬಳ್ಳಾರಿಗೆ ಬಂದವರಿಗೆ ಒಂದೆರಡು ದಿನದ ಸುತ್ತಾಟ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮದುವೆ, ಪರೀಕ್ಷೆ, ಆಸ್ಪತ್ರೆ ಅಂತ ಬಳ್ಳಾರಿಗೆ ನೆಂಟರು ಬರುತ್ತಾರೆ. ಕೆಲಸ ಮುಗಿದ ಮೇಲೆ "ಏನಾದ್ರೂ ತೋರಿಸ್ರಿ" ಅನ್ನುತ್ತಾರೆ. ಅದಕ್ಕೇ ಇವತ್ತು ರಾತ್ರಿ ಗೈಡಣ್ಣ ನಮ್ಮ ಜೊತೆ ಇದ್ದಾರೆ. ಗಂಗಾವತಿ ಕಡೆಯವರು. ಹಂಪಿ, ಆನೆಗೊಂದಿಯಲ್ಲಿ ಇಪ್ಪತ್ತು ವರ್ಷದಿಂದ ಗೈಡ್ ಕೆಲಸ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಸಿರುಗುಪ್ಪ ಭತ್ತ: ಅಣ್ಣಾ, ಬಳ್ಳಾರಿಯಿಂದ ಹಂಪಿಗೆ ಬಸ್ಸಿಗೆ ಹೋಗೋದು ಹೇಗೆ?

ಗೈಡಣ್ಣ: ಮೊದಲು ಹೊಸಪೇಟೆಗೆ ಹೋಗಿ. ಅಲ್ಲಿಂದ ಹಂಪಿ 13 ಕಿ.ಮೀ., ಬಸ್ಸು, ಆಟೋ ಎರಡೂ ಇವೆ. ರೈಲಾದರೂ ಹೊಸಪೇಟೆಯಲ್ಲೇ ಇಳಿಯಬೇಕು.

ತೋರಣಗಲ್ಲು ಟ್ರೇನಿ: ಸರ್, ನಾನು ಮೈಸೂರಿನವನು. ಇಲ್ಲಿ ಮೂರು ತಿಂಗಳು ಟ್ರೈನಿಂಗ್. ಭಾನುವಾರ ಮಾತ್ರ ರಜೆ. ಹತ್ತಿರದಲ್ಲಿ ಯಾವ ನ್ಯಾಷನಲ್ ಪಾರ್ಕ್ ಇದೆ?

ಗೈಡಣ್ಣ: ಯಾವುದೂ ಇಲ್ಲ. ಕರ್ನಾಟಕದಲ್ಲಿರೋದು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಐದರಲ್ಲಿ ಒಂದೂ ನಮ್ಮ ಬಿಸಿಲು ಸೀಮೆಗೆ ಬರುವುದಿಲ್ಲ. ನಮಗಿರೋದು ದರೋಜಿ ಕರಡಿಧಾಮ. ಅದು ವನ್ಯಜೀವಿಧಾಮ, 1994ರಲ್ಲಿ ಆದದ್ದು, 82 ಚದರ ಕಿ.ಮೀ. ಚಿಲ್ಲರೆ. ಸಫಾರಿ ಅಂತ ಜೀಪ್ ಹತ್ತಿ ಕಾಡು ಸುತ್ತೋ ಲೆಕ್ಕ ಅಲ್ಲ. ವಾಚ್ ಟವರ್ ಮೇಲೆ ಕೂರುತ್ತೀರಿ, ಎದುರಿಗೆ ಬಂಡೆಗುಡ್ಡ. ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿ ಗವಿಯಿಂದ ಇಳಿದು ಬರುತ್ತದೆ, ಮರಿ ಬೆನ್ನ ಮೇಲೆ ಕೂತಿರುವುದೂ ಉಂಟು. ಬೆಳಿಗ್ಗೆ ಹೋಗಿ ಗೇಟ್ ಮುಂದೆ ನಿಲ್ಲಬೇಡಿ, ಒಳಗೆ ಬಿಡೋದು ಮಧ್ಯಾಹ್ನದ ಮೇಲೆ. ಬೈನಾಕ್ಯುಲರ್ ಇದ್ದರೆ ತನ್ನಿ. ಬಾಯಿ ಮುಚ್ಚಿಕೊಂಡು ಕೂರೋ ಸ್ನೇಹಿತರನ್ನೇ ಕರೆದುಕೊಂಡು ಬನ್ನಿ.

ತೋರಣಗಲ್ಲು ಟ್ರೇನಿ: ಕರಡಿ ಕಾಣೋದು ಗ್ಯಾರಂಟಿನಾ ಸರ್?

ಗೈಡಣ್ಣ: ನಿಮ್ಮ ಊರಿನ ಬಂಡೀಪುರದಲ್ಲಿ ಹುಲಿ ಗ್ಯಾರಂಟಿನಾ?

ಕೌಲ್ ಬಜಾರ್ ಸೊಸೆ: ಅಣ್ಣಾ, ನಂದು ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೋಬೇಡಿ. ಮೇ ತಿಂಗಳಲ್ಲಿ ನಮ್ಮ ಮೈದುನನ ಮದುವೆ, ಬಳ್ಳಾರಿಯಲ್ಲೇ. ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬರುತ್ತಾರೆ. ಅಪ್ಪನಿಗೆ 68, ಬಿಪಿ ಇದೆ, ನೀರು ಹೋಗೋ ಮಾತ್ರೆನೂ ತಗೊಳ್ತಾರೆ. ಅಮ್ಮನಿಗೆ ಮಂಡಿ ನೋವು. ಮಗ ನಾಲ್ಕು ವರ್ಷದವನು. ಮದುವೆ ಆದ ಮೇಲೆ ಶನಿವಾರ, ಭಾನುವಾರ ಖಾಲಿ. ನಮ್ಮ ಯಜಮಾನರು ಹಾಕಿರೋ ಪ್ಲ್ಯಾನ್ ಹೀಗಿದೆ: ಶನಿವಾರ ಬೆಳಿಗ್ಗೆ 9ಕ್ಕೆ ಬಳ್ಳಾರಿ ಬಿಟ್ಟು ಹಂಪಿ ಪೂರ್ತಿ, ರಾತ್ರಿ ವಾಪಸ್. ಭಾನುವಾರ ಅಂಜನಾದ್ರಿ ಹತ್ತಿ, ಸಾಣಾಪುರ ಕೆರೆಯಲ್ಲಿ ತೆಪ್ಪ, ಸಂಜೆ ಕರಡಿಧಾಮ, ರಾತ್ರಿ ವಾಪಸ್. ಸರಿ ಇದೆಯಾ?

ಗೈಡಣ್ಣ: ತಂಗೀ, ಸರಿ ಇಲ್ಲ. ಅದಕ್ಕೇ ಇದೊಂದಕ್ಕೆ ಕೂತು ಬರೆಯುತ್ತೀನಿ.

ಮಲೆನಾಡಿನವರು ಮೇ ತಿಂಗಳ ಹಂಪಿಗೆ ಬರೋದು ಅಂದರೆ ಒಲೆ ಪಕ್ಕದಿಂದ ಒಲೆ ಒಳಕ್ಕೆ ಬಂದ ಹಾಗಲ್ಲ, ಬಾವಿಯಿಂದ ಒಲೆಗೆ ಬಂದ ಹಾಗೆ. ಇಲ್ಲಿ ಬಿಸಿಲು ಮೇಲಿಂದ ಮಾತ್ರ ಬರೋದಲ್ಲ. ಬಂಡೆ ಕಾದು ಕೆಳಗಿನಿಂದಲೂ ಬರುತ್ತದೆ, ಪಕ್ಕದಿಂದಲೂ ಬರುತ್ತದೆ. ಹನ್ನೊಂದಕ್ಕೆ ವಿರೂಪಾಕ್ಷನ ಗುಡಿ ಅಂಗಳದಲ್ಲಿ ಚಪ್ಪಲಿ ಬಿಟ್ಟವರು ಕುಣಿಯುತ್ತಾ ನೆರಳಿಗೆ ಓಡೋದನ್ನ ದಿನಾ ನೋಡುತ್ತೀನಿ. ಒಬ್ಬೊಬ್ಬರಿಗೂ ಒಂದು ಜೊತೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಇದನ್ನ ಯಾರೂ ಹೇಳೋದಿಲ್ಲ.

9ಕ್ಕೆ ಹೊರಟರೆ ಹಂಪಿ ಮುಟ್ಟೋದು ಹತ್ತೂವರೆ. ಅಂದರೆ ನಾನು ಗಿರಾಕಿಗಳನ್ನ ರೂಮಿಗೆ ವಾಪಸ್ ಕಳಿಸೋ ಹೊತ್ತಿಗೆ ನೀವು ಶುರು ಮಾಡುತ್ತೀರಿ. ಎರಡು ದಿನ ಬಳ್ಳಾರಿಗೂ ಹಂಪಿಗೂ ಓಡಾಡಿದರೆ ಸುಮಾರು 250 ಕಿ.ಮೀ. ಕಾರಲ್ಲೇ ಆಗುತ್ತದೆ, ಅದೂ ಅದಿರು ಲಾರಿಗಳ ಮಧ್ಯೆ. ಬೇಡ. ಶನಿವಾರ ರಾತ್ರಿ ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಉಳಿಯಿರಿ.

ಶನಿವಾರ ಬೆಳಿಗ್ಗೆ ಐದಕ್ಕೆ ಬಿಡಿ. ಆರೂವರೆಗೆ ವಿರೂಪಾಕ್ಷ. ಕಲ್ಲು ತಣ್ಣಗಿರುತ್ತದೆ, ಅಮ್ಮ ನಿಧಾನ ನಡೆಯಬಹುದು. ತಿಂಡಿ ತಿಂದು ಎಂಟೂವರೆಗೆ ವಿಜಯ ವಿಠ್ಠಲ. ಪಾರ್ಕಿಂಗ್‌ನಿಂದ ಗುಡಿ ಬಾಗಿಲ ತನಕ ಬ್ಯಾಟರಿ ಗಾಡಿ ಇದೆ, ಕ್ಯೂ ಬೆಳೆಯೋ ಮೊದಲು ಹತ್ತಿ. ಕಲ್ಲಿನ ರಥ ನೋಡಿ, ಮಂಟಪದ ನೆರಳಲ್ಲಿ ಅರ್ಧ ಗಂಟೆ ಕೂರಿ. ಕಂಬ ತಟ್ಟಿ ಸಂಗೀತ ಕೇಳಬೇಕು ಅಂತ ಮಗ ಹಟ ಮಾಡಿದರೂ ಮುಟ್ಟಿಸಬೇಡಿ, ಅದು ನಿಷಿದ್ಧ. ಹತ್ತೂವರೆಗೆ ಮುಗಿಸಿ. ರೂಮಿಗೆ ಹೋಗಿ ಊಟ, ನಿದ್ದೆ. ಮೂರೂವರೆ ಮೇಲೆ ದರೋಜಿ. ಅಲ್ಲಿ ಕೂರೋದೇ ಕೆಲಸ, ಅಪ್ಪ ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ. ನಾಲ್ಕು ವರ್ಷದವನು ಸುಮ್ನೆ ಕೂರೋದು ಮಾತ್ರ ನಿಮ್ಮ ಅದೃಷ್ಟ.

ಭಾನುವಾರ ಎಂಟೂವರೆಗೆ ಕಮಲ ಮಹಲ್, ಆನೆ ಲಾಯ. ವಿಠ್ಠಲ ಗುಡಿಯಲ್ಲಿ ತೆಗೆದ 40 ರೂಪಾಯಿ ಟಿಕೆಟ್ ಕಮಲ ಮಹಲಿಗೂ ಮ್ಯೂಸಿಯಮ್ಮಿಗೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಅದಕ್ಕೇ ಎಲ್ಲರೂ ಒಂದೇ ದಿನ ಮೂರೂ ಮುಗಿಸೋಕೆ ಓಡುತ್ತಾರೆ. ನೀವು ಓಡಬೇಡಿ. ಇನ್ನೊಂದು 40 ಹೋದರೆ ಹೋಗಲಿ.

ಅಂಜನಾದ್ರಿ 575 ಮೆಟ್ಟಿಲು. ಬಿಪಿ, ಮಂಡಿ, ಮೇ ತಿಂಗಳು, ಮೂರೂ ಸೇರಿದ ಮೇಲೆ ನಾನು ಹೂಂ ಅನ್ನೋದಿಲ್ಲ. ಕೆಳಗಿನಿಂದ ಕೈಮುಗಿಯಿರಿ. ಮಾತ್ರೆ ವಿಷಯ: ನಾನು ಡಾಕ್ಟರಲ್ಲ. ಹೊರಡೋ ಮೊದಲು ಅಪ್ಪನ ಡಾಕ್ಟರಿಗೆ "ಈ ಬಿಸಿಲಿಗೆ ಹೋಗುತ್ತಿದ್ದೀವಿ, ನೀರು ಎಷ್ಟು ಕುಡಿಸಬೇಕು, ಮಾತ್ರೆ ಹೇಗೆ" ಅಂತ ಕೇಳಿ. ನೀವಾಗಿ ಮಾತ್ರೆ ಬಿಡಿಸಬೇಡಿ. ಬೆವರು ನಿಂತು ಮೈ ಸುಡುತ್ತಿದ್ದರೆ, ಮಾತು ತೊದಲಿದರೆ, ಅದು ಸುಸ್ತಲ್ಲ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ, 108ಕ್ಕೆ ಫೋನ್ ಮಾಡಿ.

ಹೊಸಪೇಟೆ ಕಾಕಾ: ಅಷ್ಟೆಲ್ಲ ಹೆದರಿಸಬೇಡಿ. ಫಾರ್ವರ್ಡ್ ಬಂದಿದೆ ನೋಡಿ: "ಜೇಬಿನಲ್ಲಿ ಒಂದು ಹಸಿ ಈರುಳ್ಳಿ ಇಟ್ಟುಕೊಂಡರೆ ಎಂಥ ಬಿಸಿಲೂ ಬಡಿಯುವುದಿಲ್ಲ. ಹತ್ತು ಜನರಿಗೆ ಕಳಿಸಿ, ಪ್ರಾಣ ಉಳಿಸಿ." ನಮ್ಮ ಅಜ್ಜನೂ ಇದನ್ನೇ ಹೇಳೋರು.

ಗೈಡಣ್ಣ: ಕಾಕಾ, ಒಂದು ಏಪ್ರಿಲ್‌ನಲ್ಲಿ ವಿಠ್ಠಲ ಗುಡಿ ಹಿಂದೆ ತುಲಾಭಾರದ ಕಂಬಗಳ ಹತ್ತಿರ ಒಬ್ಬರು ಕುಸಿದರು. ಮಧ್ಯಾಹ್ನ ಒಂದು ಗಂಟೆ. ನಾಲ್ಕು ಜನ ಹೊತ್ತು ಬ್ಯಾಟರಿ ಗಾಡಿಗೆ ಹಾಕುವಾಗ ಅವರ ಪ್ಯಾಂಟಿನ ಜೇಬಿನಿಂದ ಎರಡು ಈರುಳ್ಳಿ ಉರುಳಿ ಬಿದ್ದವು. ಒಂದಲ್ಲ, ಎರಡು. ಕೈಯಲ್ಲಿ ನೀರಿನ ಬಾಟಲಿ ಇರಲಿಲ್ಲ. ಈರುಳ್ಳಿ ಒಗ್ಗರಣೆಗೆ ಹಾಕಿ. ನೀರು, ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ.

ಕೊಪ್ಪಳ ಹುಡುಗ: 😂😂 ಅಣ್ಣಾ, ಡ್ರೋನ್ ಹಾರಿಸಬಹುದಾ ಹಂಪಿಯಲ್ಲಿ?

ರಾಯಚೂರು ಬಿಸಿಲು: ಅಂಜನಾದ್ರಿ ಬಿಡಿ ಅಂತ ಹೇಗೆ ಹೇಳ್ತೀರಿ? ಹನುಮ ಹುಟ್ಟಿದ ಜಾಗ. ಭಕ್ತಿ ಇದ್ದರೆ ಹನುಮನೇ ಹತ್ತಿಸುತ್ತಾನೆ.

ಮೇಷ್ಟ್ರು: ತಿರುಮಲದವರು 2021ರಲ್ಲಿ ಹನುಮ ಹುಟ್ಟಿದ್ದು ಅಲ್ಲಿನ ಅಂಜನಾದ್ರಿಯಲ್ಲಿ ಅಂದಿದ್ದಾರಲ್ಲ.

ರಾಯಚೂರು ಬಿಸಿಲು: ಮೇಷ್ಟ್ರೇ, ಯಾರು ಏನಂದರೂ ಕಿಷ್ಕಿಂಧೆ ಇರೋದು ಇಲ್ಲೇ. ಪಂಪಾ ಸರೋವರ ಇಲ್ಲೇ. ನಮ್ಮ ಭಾಗದ್ದು ಬಿಟ್ಟುಕೊಡೋಕೆ ನೀವೇ ಮುಂದೆ.

ಕೊಪ್ಪಳ ಹುಡುಗ: "ನಮ್ಮ ಭಾಗ" ಅಲ್ಲ, ಕೊಪ್ಪಳ ಜಿಲ್ಲೆ. ಆನೆಗೊಂದಿ, ಅಂಜನಾದ್ರಿ, ಸಾಣಾಪುರ ಎಲ್ಲ ನಮ್ಮದು.

ರಾಯಚೂರು ಬಿಸಿಲು: 1997ರಲ್ಲಿ ನಮ್ಮಿಂದ ಬೇರೆ ಆದವರು ನೀವು. ಜಾಸ್ತಿ ಮಾತಾಡಬೇಡ ತಮ್ಮಾ.

ಸಿರುಗುಪ್ಪ ಭತ್ತ: ಏನೇ ಆಗಲಿ, ಹಂಪಿ ಮಾತ್ರ ನಮ್ಮ ಬಳ್ಳಾರಿ ಜಿಲ್ಲೆಯದು.

ಹೊಸಪೇಟೆ ಕಾಕಾ: ರೀ, 2021ರಿಂದ ವಿಜಯನಗರ ಜಿಲ್ಲೆ! ಇನ್ನೂ ಎಷ್ಟು ವರ್ಷ ಬೇಕು ನಿಮಗೆ ಅಭ್ಯಾಸ ಆಗೋಕೆ?

ಸಿರುಗುಪ್ಪ ಭತ್ತ: ಮ್ಯಾಪ್ ಬದಲಾಗಬಹುದು ಕಾಕಾ, ಮನಸ್ಸು ಬದಲಾಗಲ್ಲ.

ಹೊಸಪೇಟೆ ಕಾಕಾ: ಮನಸ್ಸಲ್ಲೇ ಇಟ್ಟುಕೊಳ್ಳಿ ಹಾಗಾದರೆ.

ಅಡ್ಮಿನ್: ಜಿಲ್ಲೆ ಜಗಳ ಇಲ್ಲಿಗೆ ನಿಲ್ಲಲಿ. ಪ್ರಶ್ನೆ ಇದ್ದವರು ಮಾತ್ರ ಬರೆಯಿರಿ.

ಕುರುಗೋಡು ಕ್ಯಾಮೆರಾ: ಗೈಡಣ್ಣಾ, ಬಳ್ಳಾರಿಯಲ್ಲಿ ಬೆಳಿಗ್ಗೆ ಪರೀಕ್ಷೆ, ರಾತ್ರಿ ರೈಲು. ಮಧ್ಯಾಹ್ನ ಖಾಲಿ. ಹಂಪಿಗೆ ಹೋಗಿ ಬರಬಹುದಾ?

ಗೈಡಣ್ಣ: ಬೇಡ. ಸಂಗನಕಲ್ಲು ಊರ ಪಕ್ಕದಲ್ಲೇ ಇದೆ. ಹೊಸ ಶಿಲಾಯುಗದವರು ಕಲ್ಲುಕೊಡಲಿ ಮಾಡುತ್ತಿದ್ದ ಗುಡ್ಡ. ಸಂಜೆ ಬಳ್ಳಾರಿ ಕೋಟೆ ಹತ್ತಿ. ರೈಲು ತಪ್ಪುವುದಿಲ್ಲ.

ಗಾಂಧಿನಗರ ಗೃಹಿಣಿ: ಅಣ್ಣ, ಹಂಪಿಗೆ ಬಳ್ಳಾರಿಯಿಂದ ಬಸ್ ಇದೆಯಾ?

ಗೈಡಣ್ಣ: ಮೇಲೆ ನೋಡಿ ಅಕ್ಕಾ.

ಮೇಷ್ಟ್ರು: ನನ್ನದೊಂದು. ಹಂಪಿ ಹತ್ತಾರು ಸಲ ನೋಡಿದೆ. ಗಂಗಾವತಿಯಲ್ಲಿ ಮೌಲ್ಯಮಾಪನಕ್ಕೆ ಹಾಕಿದ್ದಾರೆ. ಒಂದು ಬೆಳಿಗ್ಗೆ ಜನಜಂಗುಳಿ ಇಲ್ಲದ ಜಾಗ ಹೇಳಿ.

ಗೈಡಣ್ಣ: ಮೇಷ್ಟ್ರೇ, ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಸಂಜೆಯಿಂದ ಕಾಯುತ್ತಿದ್ದೆ. ಹಿರೇಬೆಣಕಲ್. ಗಂಗಾವತಿಯಿಂದ ಹತ್ತಿರ. ಊರವರು ಮೋರೇರ ಗುಡ್ಡ ಅನ್ನುತ್ತಾರೆ. ಗುಡ್ಡದ ಮೇಲೆ ಸುಮಾರು 400 ಕಲ್ಲು ಗೋರಿಗಳಿವೆ, ಎರಡು ಸಾವಿರ ವರ್ಷಕ್ಕಿಂತ ಹಳೆಯವು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ಗುಂಡನೆ ಕಿಂಡಿ. ಅದರೊಳಗೆ ಇಣುಕಿದರೆ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಕುಳ್ಳರು ಕಟ್ಟಿಕೊಂಡ ಮನೆಗಳು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅಲ್ಲೇ ನಗಾರಿ ಆಕಾರದ ದೊಡ್ಡ ಬಂಡೆ ಇದೆ. ತಟ್ಟಿದರೆ ದನಿ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು, ಆದರೂ ಮೇಲೆ ಕುಡಿಯೋ ನೀರಿಲ್ಲ, ಅಂಗಡಿ ಇಲ್ಲ. ಒಬ್ಬರಿಗೆ ಮೂರು ಲೀಟರ್ ಹೊತ್ತುಕೊಳ್ಳಿ. ಊರಿನವರೊಬ್ಬರನ್ನ ಜೊತೆಗೆ ಕರೆದುಕೊಳ್ಳಿ, ದಾರಿ ತಪ್ಪುವುದು ಸುಲಭ. ಚಿರತೆ, ಕರಡಿ ಓಡಾಡೋ ಗುಡ್ಡ. ಬೆಳಕು ಹರಿದ ಮೇಲೆ ಹತ್ತಿ, ಮಾತಾಡುತ್ತಾ ಹೋಗಿ.

ಹೊಸಪೇಟೆ ಕಾಕಾ: ಕರಡಿ ಬಂದರೆ ಸತ್ತ ಹಾಗೆ ಉಸಿರು ಬಿಗಿ ಹಿಡಿದು ಮಲಗಿದರೆ ಸಾಕು. ಮೂಸಿ ನೋಡಿ ಹೋಗುತ್ತದೆ. ವಿಡಿಯೋ ಕಳಿಸುತ್ತೀನಿ ತಡೀರಿ.

ಗೈಡಣ್ಣ: ಕಳಿಸಬೇಡಿ! ಅದು ಎರಡನೇ ಕ್ಲಾಸಿನ ಕತೆ ಕಾಕಾ. ನಮ್ಮ ಕರಡಿ ತಿನ್ನೋದು ಗೆದ್ದಲು, ಹಣ್ಣು. ಹಸಿವಿಗೆ ನಿಮ್ಮ ಮೇಲೆ ಬೀಳೋದಲ್ಲ, ಹತ್ತಿರದಲ್ಲಿ ದಿಢೀರ್ ಅಂತ ಕಂಡು ಗಾಬರಿಗೆ ಬೀಳೋದು. ದೂರದಲ್ಲಿ ಕಂಡರೆ ಮಲಗಬೇಡಿ, ಓಡಬೇಡಿ, ಮರ ಹತ್ತಬೇಡಿ, ಅದೂ ಹತ್ತುತ್ತದೆ. ಅದರ ಕಡೆ ನೋಡುತ್ತಲೇ ನಿಧಾನ ಹಿಂದೆ ಸರಿಯಿರಿ. ಮೈ ಮೇಲೆ ಬಿದ್ದೇ ಬಿಟ್ಟರೆ ಆಗ ಬೋರಲು ಮಲಗಿ, ಎರಡೂ ಕೈಯಿಂದ ಕತ್ತು ಮುಚ್ಚಿಕೊಳ್ಳಿ. ಅದು ಮುಖಕ್ಕೇ ಕೈ ಹಾಕುತ್ತದೆ. ಈರುಳ್ಳಿ ಆಯ್ತು, ಕರಡಿ ಆಯ್ತು, ಇನ್ನೇನಿದೆ ನಿಮ್ಮ ಫೋನಲ್ಲಿ?

ಹೊಸಪೇಟೆ ಕಾಕಾ: ವಯಸ್ಸಿಗಾದರೂ ಮರ್ಯಾದೆ ಕೊಡಿ.

ಗೈಡಣ್ಣ: ಕೊಡುತ್ತಿದ್ದೀನಿ. ಅದಕ್ಕೇ ಇಷ್ಟಕ್ಕೆ ನಿಲ್ಲಿಸಿದೆ.

ಕೊಪ್ಪಳ ಹುಡುಗ: ಅಣ್ಣಾ ಡ್ರೋನ್??

ಕಂಪ್ಲಿ ಫ್ರೆಂಡ್ಸ್: ಆಗಸ್ಟ್‌ನಲ್ಲಿ ಆರು ಜನ ಹುಡುಗರು ಬರುತ್ತೀವಿ. ಡ್ಯಾಂ ಗೇಟ್ ತೆಗೆದಿದ್ದರೆ ಹೊಳೆ ಸಖತ್ ಇರುತ್ತದೆ ಅಲ್ವಾ? ಸಾಣಾಪುರದ ಹತ್ತಿರ ಬಂಡೆ ಮೇಲಿಂದ ಜಂಪ್ ಮಾಡೋ ರೀಲ್ಸ್ ನೋಡಿದೆವು. ಜಾಗ ಎಲ್ಲಿ ಅಂತ ಲೊಕೇಶನ್ ಕಳಿಸಿ.

ಗೈಡಣ್ಣ: ಕಳಿಸುವುದಿಲ್ಲ. ಹಾರಿದವರು ವಾಪಸ್ ಬರದ ಜಾಗ ಅದು. ಮೇಲೆ ನೀರು ನಿಂತ ಹಾಗೆ ಕಾಣುತ್ತದೆ, ಕೆಳಗೆ ಬಂಡೆ ಸಂದಿ, ಸುಳಿ. ಮೊಸಳೆಯೂ ಇದೆ. ಕಂಪ್ಲಿಯವರಾಗಿ ತುಂಗಭದ್ರೆ ಗೊತ್ತಿಲ್ಲವಾ ನಿಮಗೆ? ಗೇಟ್ ತೆಗೆದಾಗ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ನಿಲ್ಲಿಸುತ್ತಾರೆ. ಆಗ ಹಂಪಿಯಿಂದ ಆನೆಗೊಂದಿಗೆ ಬುಕ್ಕಸಾಗರದ ಸೇತುವೆ ಮೇಲೆ ಸುತ್ತಿ ಬನ್ನಿ. ತೆಪ್ಪ ಹತ್ತೋದಾದರೆ ಲೈಫ್ ಜಾಕೆಟ್ ಇರಲೇಬೇಕು. ಇಲ್ಲ ಅಂದವರ ತೆಪ್ಪ ಹತ್ತಬೇಡಿ. ನೀರು ಇಳಿದ ಮೇಲೆ, ಚಳಿಗಾಲದಲ್ಲಿ ದಡದಲ್ಲಿ ಸುಮ್ನೆ ಕೂತರೆ ನೀರುನಾಯಿ ಕಾಣಬಹುದು. ಡ್ಯಾಮಿಂದ ನಿಮ್ಮ ಕಂಪ್ಲಿ ತನಕ 34 ಕಿ.ಮೀ. ಹೊಳೆ ನೀರುನಾಯಿಗಳಿಗೇ ಮೀಸಲು. ಅದರ ರೀಲ್ಸ್ ಮಾಡಿ.

ಕಂಪ್ಲಿ ಫ್ರೆಂಡ್ಸ್: ಓಕೆ ಬಾಸ್. ನೀವು ಗೈಡಾ, ಪೊಲೀಸಾ? 😀

ಗೈಡಣ್ಣ: ಹೆಣ ಹುಡುಕುವಾಗ ಇಬ್ಬರೂ ಬೇಕಾಗುತ್ತೇವೆ.

ರಾಯಚೂರು ಬಿಸಿಲು: ಮಗಳ ಅಡ್ಮಿಷನ್‌ಗೆ ಮೈಸೂರಿಗೆ ಹೋಗಬೇಕು. ಒಂದು ದಿನ ಉಳಿಯುತ್ತದೆ. ಬಂಡೀಪುರವೋ ನಾಗರಹೊಳೆಯೋ?

ಗೈಡಣ್ಣ: ನನ್ನ ಏರಿಯಾ ಅಲ್ಲ, ಆದರೂ ಹೇಳುತ್ತೀನಿ. ಒಂದೇ ದಿನಕ್ಕೆ ಬಂಡೀಪುರ ಸುಲಭ. ಮೈಸೂರಿನಿಂದ ಸುಮಾರು 80 ಕಿ.ಮೀ., ನಂಜನಗೂಡು, ಗುಂಡ್ಲುಪೇಟೆ ಮೇಲೆ. ಸಫಾರಿ ನಡೆಯುತ್ತಿದೆಯಾ ಅಂತ ಅರಣ್ಯ ಇಲಾಖೆಯವರ ಹತ್ತಿರ ಮೊದಲೇ ಕೇಳಿ, ಬುಕ್ ಮಾಡಿಕೊಂಡೇ ಹೋಗಿ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಕಾಡಿನ ರಸ್ತೆ ಬಂದ್.

ತೋರಣಗಲ್ಲು ಟ್ರೇನಿ: ಸರ್, ನಂಜನಗೂಡಲ್ಲಿ ರಸಬಾಳೆ ತಿನ್ನೋಕೆ ಹೇಳಿ ಅವರಿಗೆ.

ಸಂಡೂರು ಸಂಜೆ: ಸಂಡೂರಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಮಳೆಗಾಲದಲ್ಲಿ ನಾರಿಹಳ್ಳ ಡ್ಯಾಂ, ಗುಡ್ಡದ ಮೇಲೆ ಇಳಿಯೋ ಮೋಡ ನೋಡಿದ್ದೀರಾ ಯಾರಾದರೂ?

ಕುಕನೂರು ಕಾರು: ಅಣ್ಣಾ, ಹಂಪಿಗೆ ಬಳ್ಳಾರಿಯಿಂದ ಡೈರೆಕ್ಟ್ ಬಸ್ಸು ಎಷ್ಟು ಗಂಟೆಗೆ?

ಗೈಡಣ್ಣ: ಮೇಲೆ. ಓದಿ.

ಗಾಂಧಿನಗರ ಗೃಹಿಣಿ: ಮೇಲೆ ಅಂದರೆ ಎಲ್ಲಿ? ಬರೀ ಜಿಲ್ಲೆ ಜಗಳ ಕಾಣುತ್ತಿದೆ.

ಅಡ್ಮಿನ್: ಗಂಟೆ ಹತ್ತೂಕಾಲು. ಗೈಡಣ್ಣನಿಗೆ ಬೆಳಿಗ್ಗೆ ಐದಕ್ಕೆ ಗಿರಾಕಿ ಇದ್ದಾರಂತೆ. ಕೊನೇ ಪ್ರಶ್ನೆ.

ಕೌಲ್ ಬಜಾರ್ ಸೊಸೆ: ಅಣ್ಣಾ, ನಾನೇ ಮತ್ತೆ. ಯಜಮಾನರು ಒಪ್ಪಿದರು, ಕಮಲಾಪುರದಲ್ಲಿ ರೂಮ್ ನೋಡುತ್ತಿದ್ದಾರೆ. ಈಗ ಅಪ್ಪನಿಗೆ ಫೋನ್ ಮಾಡಿದೆ. "575 ಏನು ಮಹಾ, ಕೊಡಚಾದ್ರಿ ಹತ್ತಿದವನು ನಾನು" ಅಂತಿದ್ದಾರೆ.

ಗೈಡಣ್ಣ: ಯಾವ ವರ್ಷ ಹತ್ತಿದ್ದು ಅಂತ ಕೇಳಿ.

ಕೌಲ್ ಬಜಾರ್ ಸೊಸೆ: ಕೇಳಿದೆ. ನಾನು ಹುಟ್ಟೋ ಮುಂಚೆ.

ಗೈಡಣ್ಣ: ನಾಳೆ ಮಧ್ಯಾಹ್ನ ಹನ್ನೆರಡರ ಮೇಲೆ ಅವರ ಕೈಲೇ ನನಗೆ ಫೋನ್ ಮಾಡಿಸಿ. ನನಗೂ ಅರವತ್ತು ದಾಟಿದೆ. ಅಂಜನಾದ್ರಿಯಲ್ಲಿ ಎಷ್ಟನೇ ಮೆಟ್ಟಿಲಿಗೆ ಕೂರುತ್ತೀನಿ ಅಂತ ನಾನೇ ಹೇಳುತ್ತೀನಿ.