ಕೊಲೊಸ್ಸೆ 4:15ರ ನುಂಫಾ: ಹೆಣ್ಣೋ, ಗಂಡೋ?

ಪ್ರಶ್ನೆ:
ಬೈಬಲ್‌ನಲ್ಲಿ ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಲವೊದಿಕೀಯ ಊರಿನ ಸಹೋದರರಿಗೆ ವಂದನೆ ಹೇಳುತ್ತಾನೆ. ಜೊತೆಗೆ ನುಂಫಾ ಅನ್ನೋ ಒಬ್ಬರಿಗೂ, ಅವರ ಮನೆಯಲ್ಲಿ ಸೇರುವ ಸಭೆಗೂ. ಒಂದು ಅನುವಾದದಲ್ಲಿ 'ಅವನ ಮನೆ' ಅಂತಿದೆ, ಇನ್ನೊಂದರಲ್ಲಿ 'ಅವಳ ಮನೆ'. ಒಂದೇ ಹೆಸರು ಹೀಗೆ ಎರಡಾಗಿದ್ದು ಹೇಗೆ? ಹೆಸರಿನ ಅರ್ಥದಿಂದ ಏನಾದ್ರೂ ಗೊತ್ತಾಗುತ್ತಾ?

ಉತ್ತರ 1:
ತೊಡಕು ವಿಭಕ್ತಿಯಲ್ಲಿದೆ. ಗ್ರೀಕಿನಲ್ಲಿ 'ವಂದಿಸಿ' ಅನ್ನೋ ಕ್ರಿಯಾಪದಕ್ಕೆ ದ್ವಿತೀಯಾ ವಿಭಕ್ತಿ ಬೇಕು, ಹಾಗಾಗಿ ಹೆಸರು 'ನುಂಫಾನ್' ಆಗಿದೆ. ಹೆಣ್ಣಿನ ಹೆಸರು ನುಂಫಾ ಆದರೂ, ಗಂಡಿನ ಹೆಸರು ನುಂಫಾಸ್ ಆದರೂ ಈ ರೂಪದ ಅಕ್ಷರಗಳು ಒಂದೇ. ಒತ್ತು ಮೊದಲ ಭಾಗದ ಮೇಲೆ ಬಿದ್ದರೆ ಹೆಣ್ಣು, ಕೊನೆಯ ಭಾಗದ ಮೇಲೆ ಬಿದ್ದರೆ ಗಂಡು. ಆದರೆ ಹಳೆಯ ಕೈಬರಹದ ಪ್ರತಿಗಳಲ್ಲಿ ಒತ್ತಿನ ಗುರುತೇ ಹಾಕುತ್ತಿರಲಿಲ್ಲ. ಓದುವವರೇ ತೀರ್ಮಾನಿಸಬೇಕಿತ್ತು.

ಉತ್ತರ 2:
ಹೆಸರು ಬಿಡಿ, ಮುಂದಿನ ಸರ್ವನಾಮ ನೋಡಿ. ನಿಜವಾದ ಜಗಳ ಅಲ್ಲಿದೆ. 4ನೇ ಶತಮಾನದ ವ್ಯಾಟಿಕನ್ ಪ್ರತಿಯಲ್ಲಿ 'ಔತೇಸ್', ಅಂದರೆ ಅವಳ. ಅದೇ ಶತಮಾನದ ಸಿನಾಯ್ ಪ್ರತಿಯಲ್ಲಿ 'ಔತೋನ್', ಅವರ, ಬಹುವಚನ. ನಂತರದ ಬಹುಪಾಲು ಪ್ರತಿಗಳಲ್ಲಿ 'ಔತೂ', ಅವನ. 1611ರ ಇಂಗ್ಲಿಷ್ ಅನುವಾದ ಈ ಕೊನೆಯದನ್ನೇ ಹಿಡಿಯಿತು.

ನನಗೆ 'ಅವಳ' ಅನ್ನೋದೇ ಮೂಲ ಅಂತ ಅನಿಸುತ್ತದೆ. ಯಾಕೆ ಅಂದರೆ, ಅದೇ ಅಧ್ಯಾಯದ 12ನೇ ವಚನದಲ್ಲಿ ಎಪಫ್ರಾಸ್ ಇದ್ದಾನೆ, 14ರಲ್ಲಿ ಲೂಕಾಸ್ ಮತ್ತು ದೇಮಾಸ್. ಎಲ್ಲ ಗಂಡಸರು, ಎಲ್ಲದರ ಕೊನೆಯಲ್ಲೂ 'ಆಸ್'. ಇವನ್ನು ಬರೆದುಕೊಂಡು ಬಂದ ಕೈ 'ನುಂಫಾನ್' ಕಂಡಾಗ ನುಂಫಾಸ್ ಅಂತಲೇ ಓದಿ ಸರ್ವನಾಮವನ್ನೂ ಅದಕ್ಕೆ ಸರಿ ಮಾಡಿರಬಹುದು. ಗಂಡಸು ಅಂತ ಮೊದಲೇ ಇದ್ದಿದ್ದರೆ ಸುಮ್ನೆ ಯಾರು 'ಅವಳ' ಅಂತ ತಿದ್ದುತ್ತಿದ್ದರು?

ಪ್ರಶ್ನೆ ಕೇಳಿದವರು:
ಇದು ಹೊಳೆದೇ ಇರಲಿಲ್ಲ! ಹಾಗಾದರೆ ಅರ್ಥದ ಕಥೆ ಏನು?

ಉತ್ತರ 1:
'ನುಂಫೇ' ಅಂದರೆ ಮದುಮಗಳು. ನೀರು, ಕಾಡುಗಳ ದೇವಕನ್ಯೆಯರಿಗೂ ಅದೇ ಪದ. ಹಾಗಂತ ಅರ್ಥ ನೋಡಿ ಹೆಣ್ಣು ಅಂತ ಹೇಳೋಕಾಗಲ್ಲ. ನುಂಫೋದೋರೋಸ್ ಅಂತ ಗಂಡಸರ ಹೆಸರಿದೆ, 'ದೇವಕನ್ಯೆಯರ ಕೊಡುಗೆ' ಅಂತ ಅರ್ಥ. ನುಂಫಾಸ್ ಇಂಥ ಹೆಸರುಗಳ ಮೊಟಕು ರೂಪ.

ಉತ್ತರ 3:
ಪೌಲ ರೋಮಾಪುರದವರಿಗೆ ಬರೆದ ಪತ್ರದ 16:7ರಲ್ಲಿ ವಂದನೆ ಹೇಳುವ ಯೂನ್ಯಳದ್ದೂ ಇದೇ ಹೆಣ್ಣೋ ಗಂಡೋ ಗೊಂದಲ ಅಲ್ವಾ?

ಉತ್ತರ 2:
ಹೌದು, ಅಲ್ಲೂ ದ್ವಿತೀಯೆಯ ರೂಪ, ಅಲ್ಲೂ ಒತ್ತಿನ ಪ್ರಶ್ನೆ. ಆದರೆ ಒಂದು ವ್ಯತ್ಯಾಸ ಇದೆ. ಯೂನ್ಯಾ ರೋಮ್‌ನಲ್ಲಿ ಜಾಸ್ತಿ ಬಳಕೆಯಲ್ಲಿದ್ದ ಹೆಣ್ಣಿನ ಹೆಸರು, ಲ್ಯಾಟಿನ್ ಮೂಲದ್ದು. ಯೂನ್ಯಾಸ್ ಅನ್ನೋ ಗಂಡಸಿನ ಹೆಸರಿಗೆ ಆ ಕಾಲದ ಆಧಾರ ಸಿಕ್ಕಿಲ್ಲ. ನುಂಫಾಸ್ ಅನ್ನೋದು ಮಾತ್ರ ನಿಜಕ್ಕೂ ಇದ್ದ ಹೆಸರು. ಅದಕ್ಕೇ ಇಲ್ಲಿ ಹೆಸರೊಂದರಿಂದಲೇ ತೀರ್ಮಾನ ಆಗಲ್ಲ, ಸರ್ವನಾಮದ ಕಡೆಗೇ ಹೋಗಬೇಕು.