ತೋಡಿ ಎರಡು ಬದಿಗೆ ತುಂಡಾಗಿದೆ, ಜೋಡಿಸಲೇ, ಹಾಗೇ ಬಿಡಲೇ?

ಬಸವನಗುಡಿಯಿಂದ ಪ್ರಶ್ನೆ: ತಾತನ ಕಾಲದ ಅರಗಿನ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಒಂದರಲ್ಲಿ ನಾಗಸ್ವರದಲ್ಲಿ ನುಡಿಸಿದ ತೋಡಿ ರಾಗದ ಆಲಾಪನೆ ಇದೆ. ಪ್ಲೇಟು ತಿರುವಿ ಹಾಕುವ ಕಡೆ ರಾಗ ನಿಂತುಹೋಗುತ್ತದೆ. ಎರಡೂ ಬದಿ ಸೇರಿಸಿ ಒಂದೇ ಫೈಲ್ ಮಾಡಬಹುದೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದಿಂದ: ಆಲಾಪನೆಯನ್ನು ಅಂಟಿಸಬೇಡಿ. 10 ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು 3 ನಿಮಿಷ, ಅಷ್ಟೇ. ವಿದ್ವಾಂಸರಿಗೆ ಇದು ಗೊತ್ತಿತ್ತು. ನನ್ನ ಹತ್ತಿರ ಇರುವ ಪ್ಲೇಟುಗಳಲ್ಲಿ ಎಷ್ಟೋ ಸಲ ಷಡ್ಜಕ್ಕೋ ಪಂಚಮಕ್ಕೋ ಬಂದು ನಿಲ್ಲುತ್ತಾರೆ, ಇನ್ನೊಂದು ಬದಿಯಲ್ಲಿ ಹೊಸದಾಗಿ ಎತ್ತಿಕೊಳ್ಳುತ್ತಾರೆ. ಆ ನಿಲುಗಡೆಯೂ ಅವರ ಮನೋಧರ್ಮವೇ, ಅಂದರೆ ಆ ಕ್ಷಣದಲ್ಲಿ ಹುಟ್ಟುವ ಕಲ್ಪನೆಯೇ. ನಡುವೆ ಒಂದೆರಡು ಸೆಕೆಂಡ್ ಮೌನ ಬಿಡಿ, ಸಾಕು.

ಜಯನಗರದಿಂದ: ಒಪ್ಪಿದೆ. ಆದರೆ ಪಾಶ್ಚಾತ್ಯ ಸಂಗೀತವಾದರೆ ನಾನು ಜೋಡಿಸುತ್ತೇನೆ. ಅಲ್ಲಿ ಕೃತಿ ಮೊದಲೇ ಬರೆದಿದ್ದು, ಜಾಗ ಮುಗಿಯಿತೆಂದು ತುಂಡು ಮಾಡಿದ್ದು. 1913ರಲ್ಲಿ ವಾದ್ಯವೃಂದ ನಿರ್ದೇಶಕ ಆರ್ಥರ್ ನಿಕಿಶ್ ಬೀಥೋವನ್‌ನ ಐದನೇ ಸಿಂಫನಿಯನ್ನು ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದದ ಜೊತೆ ರೆಕಾರ್ಡ್ ಮಾಡಿದಾಗ 8 ಬದಿ ಬೇಕಾಯಿತು! ಹಾಗಂತ ಸುಮ್ನೆ ತುದಿಗೆ ತುದಿ ಸೇರಿಸಿದರೆ ಕಿವಿಗೆ ಹೊಡೆಯುತ್ತದೆ. ಪ್ಲೇಟು ಒಂದೇ ವೇಗದಲ್ಲಿ ತಿರುಗುತ್ತದೆ, ಮುಳ್ಳು ಒಳಗೆ ಹೋದಂತೆ ಸುತ್ತು ಮಾತ್ರ ಚಿಕ್ಕದಾಗುತ್ತದೆ. ಪ್ರತಿ ಸೆಕೆಂಡಿಗೆ ಸಿಗುವ ಗೀರಿನ ಉದ್ದ ಕಡಿಮೆಯಾಗಿ ದನಿಯ ಹೊಳಪು ಮಾಸುತ್ತದೆ. ಮುಂದಿನ ಬದಿ ಮತ್ತೆ ಹೊರಗಿನ ಅಂಚಿನಿಂದ ಶುರು, ಅಲ್ವಾ? ದನಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಆ ವ್ಯತ್ಯಾಸವನ್ನು ಹದ ಮಾಡಿಕೊಂಡು ಆಮೇಲೆ ಜೋಡಿಸಬೇಕು. ಬದಿಯ ನಂಬರನ್ನೂ ನೋಡಿ. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ನನಗೆ ಸಿಕ್ಕ ಸೆಟ್ಟಿನಲ್ಲಿ 1ರ ಬೆನ್ನಿಗೆ 8 ಇತ್ತು. ಪ್ಲೇಟು ತಾನಾಗಿ ಒಂದರ ಮೇಲೊಂದು ಬೀಳುವ ಯಂತ್ರಕ್ಕಾಗಿ ಹಾಗೆ ಮಾಡುತ್ತಿದ್ದರು.

ವಿಜಯನಗರದಿಂದ: ಮೊದಲು ಶ್ರುತಿ ನೋಡಿ. ಹೆಸರಿಗೆ ನಿಮಿಷಕ್ಕೆ 78 ಸುತ್ತು, ಆದರೆ ಹಳೆಯ ಪ್ಲೇಟುಗಳ ವೇಗ ಹೆಚ್ಚುಕಡಿಮೆ ಇರುತ್ತದೆ. ಎರಡೂ ಬದಿಯಲ್ಲಿ ಒತ್ತಿನ (ನಾಗಸ್ವರಕ್ಕೆ ಶ್ರುತಿ ಹಿಡಿಯುವ ವಾದ್ಯದ) ದನಿ ಒಂದೇ ಇದೆಯಾ ಕೇಳಿ, ತಂಬೂರಿ ಆ್ಯಪ್ ಇಟ್ಟುಕೊಂಡರೆ ಸುಲಭ. ಎಲ್‌ಪಿ (ಆಮೇಲೆ ಬಂದ ವಿನೈಲ್ ಪ್ಲೇಟು) ಮುಳ್ಳು ಹಾಕಬೇಡಿ. 78ರ ಗೀರು ಜಾಸ್ತಿ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು. ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ. ಮತ್ತೆ, ಏನೇ ತಿದ್ದಿದರೂ ತಿದ್ದದ ಫೈಲನ್ನು ಬದಿಬದಿಯಾಗಿ ಬೇರೆ ಇಟ್ಟುಕೊಳ್ಳಿ.