ಪಿಎಸ್‌ಒ ಒಮ್ಮೆ 3 ಅನ್ನುತ್ತದೆ, ಒಮ್ಮೆ 8 ಅನ್ನುತ್ತದೆ

ಸುರತ್ಕಲ್_ಎಂಟೆಕ್:
ಕಂಪನದ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದು) ನೋಡಿಯೇ ಗಾಯ ಎಲ್ಲಿದೆ ಎಂದು ಹುಡುಕುವ ಪ್ರಾಜೆಕ್ಟ್ ನನ್ನದು. ಒಂದು ಮೀಟರ್ ಉದ್ದ, 6 ಮಿ.ಮೀ. ದಪ್ಪದ ಎಂಎಸ್ ಫ್ಲ್ಯಾಟ್ (ಮೆದು ಉಕ್ಕಿನ ಪಟ್ಟಿ), ಎರಡೂ ತುದಿಗೆ ಒಂದೇ ತರದ ಆಧಾರ. ಕಂಪ್ಯೂಟರ್ ಮಾಡೆಲ್‌ನಲ್ಲಿ ಅದಕ್ಕೆ 10 ಎಲಿಮೆಂಟ್ (ಸಮ ತುಂಡುಗಳು). ಎಡದಿಂದ ಮೂರನೆಯದಕ್ಕೆ ಹ್ಯಾಕ್‌ಸಾದಲ್ಲಿ ಗಾಯ ಮಾಡಿದ್ದೇನೆ. ಸುತ್ತಿಗೆಯಲ್ಲಿ ತಟ್ಟಿ ಅಳೆದರೆ ಮೊದಲ ಫ್ರೀಕ್ವೆನ್ಸಿ 13.7 ಹರ್ಟ್ಸ್‌ನಿಂದ 13.6ಕ್ಕೆ, ಎರಡನೆಯದು 54.9ರಿಂದ 54.1ಕ್ಕೆ ಇಳಿಯಿತು. ಅಳತೆಗೂ ಮಾಡೆಲ್‌ಗೂ ಇರುವ ವ್ಯತ್ಯಾಸ ತಗ್ಗಿಸಲು ಪಿಎಸ್‌ಒ (ಹಕ್ಕಿಗಳ ಹಿಂಡಿನ ಹಾಗೆ ಹಲವು ‘ಕಣ’ಗಳನ್ನು ಬಿಟ್ಟು ಒಳ್ಳೆಯ ಉತ್ತರ ಹುಡುಕುವ ಅಲ್ಗಾರಿದಂ) ಓಡಿಸಿದರೆ ಗಾಯ ಒಮ್ಮೆ 3ರಲ್ಲಿ, ಒಮ್ಮೆ 8ರಲ್ಲಿ. ಕಣಗಳನ್ನು 30ರಿಂದ 200ಕ್ಕೆ ಏರಿಸಿದರೂ ಅದೇ ಕಥೆ. ಇದನ್ನು ಬಿಟ್ಟು ಇನ್ನೊಂದು ಹುಡುಕಾಟದ ವಿಧಾನ, ಜೆನೆಟಿಕ್ ಅಲ್ಗಾರಿದಂ ಹಿಡಿಯಲಾ? ರಿವ್ಯೂ ಹತ್ತಿರ ಬಂತು, ನಿದ್ದೆಯೇ ಇಲ್ಲ.

ಕಾಪು_ಇಂಜಿನಿಯರ್:
ಪಿಎಸ್‌ಒ ತಪ್ಪು ಮಾಡಿಲ್ಲ ಮಾರಾಯ್ತಿ. ಫ್ಲ್ಯಾಟನ್ನು ಅತ್ತಿಂದಿತ್ತ ತಿರುಗಿಸಿ ಇಡು, 3 ಇದ್ದದ್ದು 8 ಆಯಿತು. ಫ್ರೀಕ್ವೆನ್ಸಿ ಬದಲಾಗುತ್ತದಾ? ಇಲ್ಲ. ಎಡ ಯಾವುದು, ಬಲ ಯಾವುದು ಎಂಬ ಸುದ್ದಿಯೇ ನಿನ್ನ ಅಳತೆಯಲ್ಲಿ ಇಲ್ಲ. ಯಾವ ಅಲ್ಗಾರಿದಂ ತಂದರೂ ಅದು ಎಲ್ಲಿಂದ ಹುಡುಕೀತು?

ಎಡಗಡೆ ಕಾಲು ಭಾಗದ ಹತ್ತಿರ ಅರ್ಧ ಕಿಲೋ ತೂಕ ಕಟ್ಟು, ಮಾಡೆಲ್‌ಗೂ ಅದನ್ನೇ ಸೇರಿಸು, ಪುನಃ ತಟ್ಟು. ಸಣ್ಣ ಆಯಸ್ಕಾಂತ ಅಂಟಿಸಿದರೆ ಸಾಲದು, ವ್ಯತ್ಯಾಸ ಅಳತೆಯ ಏರುಪೇರಿನಲ್ಲಿ (ನಾಯ್ಸ್) ಮುಳುಗಿ ಹೋಗುತ್ತದೆ. ಇನ್ನೊಂದು, ಎಷ್ಟು ಸೆಕೆಂಡ್ ರೆಕಾರ್ಡ್ ಮಾಡಿದ್ದಿ? 10 ಸೆಕೆಂಡ್ ಆದರೆ ಎಫ್‌ಎಫ್‌ಟಿಯ (ರೆಕಾರ್ಡನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಗೆರೆಗಳ ನಡುವೆ 0.1 ಹರ್ಟ್ಸ್ ಅಂತರ ಉಂಟು. ನಿನ್ನ ಮೊದಲ ಫ್ರೀಕ್ವೆನ್ಸಿ ಇಳಿದದ್ದೂ ಅಷ್ಟೇ!

ಸುರತ್ಕಲ್_ಎಂಟೆಕ್:
8 ಸೆಕೆಂಡ್ ಸರ್... ಈಗ 40 ಮಾಡಿ, ತೂಕ ಕಟ್ಟಿ ಓಡಿಸಿದೆ. ಹತ್ತಕ್ಕೆ ಹತ್ತು ಸಲವೂ 3! ತುಂಬ ಉಪಕಾರ.

ಉಳ್ಳಾಲ_ಕಡವು:
ಇದನ್ನೇ ನೇತ್ರಾವತಿ ಸೇತುವೆಗೆ ಹಾಕಬಹುದಾ ಅಣ್ಣ?

ಕಾಪು_ಇಂಜಿನಿಯರ್:
ಹಾಕಬಹುದು, ಆದರೆ ಬಿಸಿಲು ಬಿಡುವುದಿಲ್ಲ. ಅಮೆರಿಕದ ಅಲಮೋಸಾ ಕ್ಯಾನ್ಯನ್ ಸೇತುವೆಯಲ್ಲಿ ಒಂದೇ ದಿನದಲ್ಲಿ ಮೊದಲ ಫ್ರೀಕ್ವೆನ್ಸಿ ಸುಮಾರು 5% ಏರಿಳಿದಿತ್ತು, ಬಿರುಕಿನಿಂದಲ್ಲ, ತಾಪಮಾನದಿಂದ. ಸ್ವಿಟ್ಜರ್‌ಲ್ಯಾಂಡಿನ ಝಡ್24 ಸೇತುವೆಯನ್ನು ಕೆಡವುವ ಮುಂಚೆ ವರ್ಷದ ಹತ್ತಿರ ಅಳೆದರು. ಅಲ್ಲಿ ಚಳಿಗೆ ಡಾಂಬರು ಗಟ್ಟಿಯಾಗಿಯೇ ಲೆಕ್ಕ ಬದಲಾಗಿತ್ತು. ನಮ್ಮಲ್ಲಿ ಒಂದು ಮಳೆಗಾಲ, ಒಂದು ಏಪ್ರಿಲ್ ಎರಡೂ ದಾಟಿದ ಅಳತೆ ಕೈಯಲ್ಲಿರಬೇಕು.

ಮತ್ತೆ ಉಪ್ಪುಗಾಳಿ. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯಲು ಶುರುವಾದಾಗ ಸೇತುವೆಯ ಬಿಗಿತ ಹೆಚ್ಚೇನೂ ಕಡಿಮೆಯಾಗುವುದಿಲ್ಲ, ಫ್ರೀಕ್ವೆನ್ಸಿಯೂ ಸುಮ್ಮನಿರುತ್ತದೆ. ಹಾಗಾಗಿ ನಾನು ಈಗಲೂ ಗರ್ಡರಿನ (ಸೇತುವೆ ಹೊತ್ತ ತೊಲೆ) ಅಡಿಗೆ ಹೋಗಿ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತೇನೆ. ಕಾಂಕ್ರೀಟಿನ ಪದರ ಬಿಟ್ಟಲ್ಲಿ ಒಡೆದ ಮಡಕೆಯ ಹಾಗೆ ಟೊಳ್ಳು ಸದ್ದು ಬರುತ್ತದೆ.